ಹೆಜ್‌ವಾರ್ಸ್: ಗಾಳಿ ನೋಡಿ ಗುರಿಯಿಡಿ

ಹೆಜ್‌ವಾರ್ಸ್ ಅಂದರೆ ಮುಳ್ಳುಹಂದಿಗಳ ತಂಡಗಳು ಸರದಿಯಂತೆ ಹೊಡೆದಾಡುವ ಕಂಪ್ಯೂಟರ್ ಆಟ. ನನ್ನ ತಮ್ಮನಿಗೆ ಅದನ್ನು ಕಲಿಸುವಾಗ ಮೊದಲು ಹೇಳಿದ್ದೇ ಇದು: ಬಜೂಕಾ (ಹೆಗಲ ಮೇಲಿಟ್ಟು ಗುಂಡು ಹಾರಿಸುವ ಕೊಳವೆ), ಗ್ರೆನೇಡ್ ಎರಡೇ ಸಾಕು, ಉಳಿದ ಆಯುಧಗಳು ಆಮೇಲೆ. ಆಟ ಉಚಿತ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ, ಹಳೇ ಲ್ಯಾಪ್‌ಟಾಪ್ ಆದರೂ ಸರಿ.

ಮೌಸ್‌ನ ಬಲಗಡೆ ಬಟನ್ ಒತ್ತಿದರೆ ಆಯುಧಗಳ ಪಟ್ಟಿ ಬರುತ್ತದೆ. ಮೇಲೆ-ಕೆಳಗಿನ ಬಾಣದ ಕೀಗಳಿಂದ ಕೋನ ಹಿಡಿಯಿರಿ. ಎಡಗಡೆ ಶಿಫ್ಟ್ ಒತ್ತಿಕೊಂಡರೆ ಕೋನ ಸ್ವಲ್ಪಸ್ವಲ್ಪವೇ ಬದಲಾಗುತ್ತದೆ. ದೂರದ ಹೊಡೆತಕ್ಕೆ ಇದು ಬೇಕೇ ಬೇಕು. ಸ್ಪೇಸ್ ಬಾರ್ ಹೆಚ್ಚು ಹೊತ್ತು ಒತ್ತಿದಷ್ಟೂ ಬಲ ಹೆಚ್ಚು.

ಈಗ ಮುಖ್ಯ ವಿಷಯ, ಗಾಳಿ. ಪರದೆಯ ಕೆಳಗಿನ ಪಟ್ಟಿ ಅದರ ದಿಕ್ಕು, ಜೋರು ಎರಡನ್ನೂ ತೋರಿಸುತ್ತದೆ. ಬಜೂಕಾ ಗುಂಡನ್ನು ಗಾಳಿ ಎಳೆದೊಯ್ಯುತ್ತದೆ, ಗ್ರೆನೇಡನ್ನು ಮುಟ್ಟುವುದಿಲ್ಲ. ಹಾಗಾಗಿ ಎದುರುಗಾಳಿ ಜೋರಾಗಿದ್ದರೆ ನಾನು ಬಜೂಕಾ ಕೈಗೆತ್ತಿಕೊಳ್ಳುವುದೇ ಇಲ್ಲ. ಗ್ರೆನೇಡಿಗೆ 1ರಿಂದ 5ರವರೆಗಿನ ಕೀ ಒತ್ತಿ ಎಷ್ಟು ಸೆಕೆಂಡಿಗೆ ಸಿಡಿಯಬೇಕೆಂದು ಗೊತ್ತುಮಾಡಿ. ಶತ್ರು ಗುಂಡಿಯೊಳಗೆ ಕೂತಿದ್ದರೆ ಹೆಚ್ಚು ಸೆಕೆಂಡು ಇಡಿ, ಗ್ರೆನೇಡ್ ಪುಟಿದು ಉರುಳಿ ಒಳಗಿಳಿಯಲಿ. ಇಳಿಜಾರಿನ ಮೇಲಿದ್ದರೆ ಕಡಿಮೆ ಇಡಿ, ಇಲ್ಲವಾದರೆ ಅದು ಜಾರಿ ನಿಮ್ಮ ಕಡೆಗೇ ಬರುತ್ತದೆ!

ಪ್ರಾಣದ ಅಂಕಿಯನ್ನಷ್ಟೇ ಲೆಕ್ಕ ಹಾಕಬೇಡಿ. ಪೂರ್ತಿ 100 ಇರುವ ಮುಳ್ಳುಹಂದಿಯೂ ನೀರಿಗೆ ಬಿದ್ದರೆ ಮುಗಿಯಿತು. ದಡದಲ್ಲಿ ನಿಂತವನ ಹಿಂಬದಿಗೆ, ಅಂದರೆ ನೆಲದ ಕಡೆಗೆ, ಸ್ಫೋಟ ಬೀಳುವಂತೆ ನೋಡಿಕೊಳ್ಳಿ. ಹೊಡೆದ ಮೇಲೆ ಓಡಲು ಸಿಗುವ ಕೆಲವೇ ಸೆಕೆಂಡುಗಳಲ್ಲಿ ನಿಮ್ಮವನನ್ನು ದಡದಿಂದ ಒಳಕ್ಕೆ ಸರಿಸಿ.