ಬಜೆಟ್ ಪುಸ್ತಕ ನೋಡಿ ನಮ್ಮ ಎಂಎಲ್‌ಎಗೆ ಪ್ರಶ್ನೆ ಕೇಳೋದು ಹೆಂಗೆ

ಬಜೆಟ್ ಭಾಷಣ ಕೇಳಿ ಖುಷಿ ಪಡಬೇಡ್ರಿ, ಭಾಷಣ ಬೇರೆ ಲೆಕ್ಕ ಬೇರೆ. ರಾಜ್ಯದ ಹಣಕಾಸು ಇಲಾಖೆ ವೆಬ್‌ಸೈಟಲ್ಲಿ ಇಲಾಖೆವಾರು ಪುಸ್ತಕ ಪಿಡಿಎಫ್ ಆಗಿ ಸಿಗ್ತಾವೆ, ಅದನ್ನ ಡೌನ್‌ಲೋಡ್ ಮಾಡ್ಕೊಳ್ರಿ. ಒಳಗೆ ಲೆಕ್ಕಶೀರ್ಷಿಕೆ ನಂಬರ್, ಅಂದ್ರೆ ಯಾವ ಬಾಬ್ತಿನ ಖರ್ಚು ಅಂತ ತೋರ್ಸೋ ಕೋಡ್ ಇರ್ತಾವೆ, ಪೊಲೀಸ್‌ಗೆ 2055, ಆರೋಗ್ಯಕ್ಕೆ 2210, ಕುಡಿಯೋ ನೀರಿಗೆ 2215, ಈ ಮೂರು ನೆನಪಿಟ್ಕೊಂಡ್ರೆ ಹುಡುಕೋದು ಸಲೀಸು.

ಮುಖ್ಯ ಇರೋದು ಕಾಲಂಗಳಲ್ಲಿ. ಹಿಂದಿನ ವರ್ಷ ನಿಜಕ್ಕೂ ಖರ್ಚಾಗಿದ್ದು, ಈ ವರ್ಷ ಇಟ್ಟಿದ್ದು, ಅದೇ ವರ್ಷದ ಪರಿಷ್ಕೃತ ಅಂದಾಜು (ಆಮೇಲೆ ತಿದ್ದಿ ಬರೆದ ಲೆಕ್ಕ), ಮುಂದಿನ ವರ್ಷದ ಅಂದಾಜು. ನಾನು ಕೆಂಪು ಪೆನ್ ಹಿಡ್ಕೊಂಡು ಇಟ್ಟಿದ್ದಕ್ಕಿಂತ ಪರಿಷ್ಕೃತದಲ್ಲಿ ಇಳಿದಿರೋ ಸಾಲಿಗೆಲ್ಲ ಸುತ್ತು ಹಾಕ್ತೀನಿ, ಅಲ್ಲೇ ಪ್ರಶ್ನೆ ಹುಟ್ಟೋದು, ಯಾಕೆ ಇಳೀತು, ಪೋಸ್ಟ್ ತುಂಬ್ಲಿಲ್ವಾ, ಟೆಂಡರ್ ಆಗ್ಲಿಲ್ವಾ ಅಂತ.

ಘೋಷಣೆ ನಂಬಿದ್ರೆ ಏನಾಗುತ್ತೆ ಅನ್ನೋದು ಚಿತ್ರದುರ್ಗದೋರಿಗೆ ಹೇಳ್ಕೊಡೋದು ಬೇಕಿಲ್ಲ. 2023ರ ಕೇಂದ್ರ ಬಜೆಟಲ್ಲಿ ನಮ್ಮ ಕಡೆ ನೀರು ತರೋ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂದ್ರು, ಆಮೇಲೆ ಆ ದುಡ್ಡು ಬಂದಿಲ್ಲ ಅಂತ ರಾಜ್ಯ ಸರ್ಕಾರ ಹೇಳ್ತಾನೇ ಬಂತು, ರೈತರು ಬೀದಿಗಿಳಿದ್ರು. ನನಗೆ ಇದು ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಟೈಮ್ ನೋಡ್ಕೊಳ್ರಿ. ಸಂವಿಧಾನದ 203ನೇ ವಿಧಿ ಪ್ರಕಾರ ಇಲಾಖೆ ಬೇಡಿಕೆಗಳನ್ನ, ಅಂದ್ರೆ ಇಷ್ಟು ದುಡ್ಡು ಬೇಕು ಅಂತ ಇಲಾಖೆಗೆ ಕೇಳೋದನ್ನ, ಒಪ್ಪೋದು, ತಿರಸ್ಕರಿಸೋದು, ಕಡಿಮೆ ಮಾಡೋದು ವಿಧಾನಸಭೆ ಕೈಲೈತೆ, ಜಾಸ್ತಿ ಮಾಡೋಕೆ ಆಗಲ್ಲ. ಹಂಗಾಗಿ ಬೇಡಿಕೆ ಮೇಲಿನ ಚರ್ಚೆಗೆ ಮುಂಚೇನೇ ಎಂಎಲ್‌ಎ ಕಚೇರಿಗೆ ಹೋಗಿ, ಒಂದೇ ಹಾಳೇಲಿ ಮೂರೇ ಪ್ರಶ್ನೆ ಬರೆದು, ಪುಟದ ನಂಬರ್ ಸಮೇತ ಕೊಟ್ಟು, ಇನ್ನೊಂದು ಕಾಪಿ ಮೇಲೆ ಸೀಲ್ ಹಾಕಿಸ್ಕೊಂಡು ಬರ್ರಿ.