ಎಮ್ಮರ್‌ಡೇಲ್‌ನ ಆ ಮೆತ್ತನೆ ಹಾಡು ನಮ್ಮ ಕೈಗೆ ಬಂದದ್ದು

ಸ್ವೀಡನ್ನಿನ ಮಾಲ್ಮೊದಲ್ಲಿ ನಾವು ನಾಲ್ಕು ಜನ ಬುಧವಾರ ಸಂಜೆ ಸೇರಿ ನುಡಿಸುತ್ತೇವೆ. ನಾನು ಗಿಟಾರ್. ಒಂದು ಹಳೆ ಕಟ್ಟಡದ ನೆಲಮಾಳಿಗೆ ನಮ್ಮ ಜಾಗ. ಇಂಥ ಕೋಣೆಗೆ ಇಲ್ಲಿ 'ರೆಪ್‌ಲೊಕಾಲ್' ಅಂತಾರೆ. ದೊಡ್ಡವರ ಕಲಿಕೆಗಾಗಿ ಇರುವ ಸಂಘಗಳು ಸರ್ಕಾರದ ನೆರವಿನಿಂದ ಇವನ್ನು ಕಡಿಮೆ ಬಾಡಿಗೆಗೆ ಕೊಡುತ್ತವೆ. ಸ್ವೀಡನ್‌ನಲ್ಲಿ ಇಷ್ಟೊಂದು ಬ್ಯಾಂಡ್‌ಗಳು ಹುಟ್ಟುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ.

ಈ ವರ್ಷ ನಾವು ಹಿಡಿದದ್ದು ಸ್ವೀಡನ್ನಿನ ಪಾಪ್ ಬ್ಯಾಂಡ್ ದಿ ಕಾರ್ಡಿಗನ್ಸ್ ತಂಡದ ಮೊದಲ ಆಲ್ಬಂ, 'ಎಮ್ಮರ್‌ಡೇಲ್'. 1994ರದ್ದು. ಹೆಸರು ಬ್ರಿಟನ್ನಿನ ಒಂದು ಟಿವಿ ಧಾರಾವಾಹಿಯಿಂದ ಬಂದದ್ದು. ತಂಡದವರು ವೆಟರ್ನ್ ಸರೋವರದ ದಡದ ಯೋನ್‌ಶೋಪಿಂಗ್‌ನವರು, ಆದರೆ ರೆಕಾರ್ಡ್ ಮಾಡಿದ್ದು ಇದೇ ಮಾಲ್ಮೊದ ಟ್ಯಾಂಬೊರಿನ್ ಸ್ಟುಡಿಯೋದಲ್ಲಿ, ನಿರ್ಮಾಪಕ ಟೂರೆ ಯೂಹಾನ್ಸನ್ ಜೊತೆ.

ಇದರಲ್ಲಿ ಬ್ರಿಟನ್ನಿನ ಬ್ಲ್ಯಾಕ್ ಸ್ಯಾಬತ್ ತಂಡದ 'ಸ್ಯಾಬತ್ ಬ್ಲಡಿ ಸ್ಯಾಬತ್' ಇದೆ. 1973ರ ಹೆವಿ ಮೆಟಲ್, ಅಂದರೆ ಅಬ್ಬರದ ರಾಕ್ ಹಾಡು. ಕಾರ್ಡಿಗನ್ಸ್ ಅದನ್ನು ಮೆಲ್ಲಗೆ, ಪಿಸುಗುಡುವ ಹಾಗೆ ನುಡಿಸಿದ್ದಾರೆ. ತಮಾಷೆಗೆ ಮಾಡಿದ್ದಲ್ಲ. ತಂಡ ಕಟ್ಟಿದ ಪೀಟರ್ ಸ್ವೆನ್ಸನ್, ಮ್ಯಾಗ್ನಸ್ ಸ್ವೆನಿಂಗ್ಸನ್ ಇಬ್ಬರೂ ಮೆಟಲ್‌ನಿಂದಲೇ ಬಂದವರು. ಮೂಲ ಹಾಡನ್ನು ಗಮನವಿಟ್ಟು ಕೇಳಿ. ಮತ್ತೆ ಮತ್ತೆ ಬರುವ ಅಬ್ಬರದ ಗಿಟಾರ್ ತುಣುಕು, ಅಂದರೆ ರಿಫ್, ನಿಂತು, ನಡುವೆ ಅಕೂಸ್ಟಿಕ್ ಗಿಟಾರಿನ ಒಂದು ತಣ್ಣನೆ ಭಾಗ ಬರುತ್ತದೆ. ಅದು ಅಲ್ಲಿ ಮೊದಲೇ ಇತ್ತು. ಇವರು ಇಡೀ ಹಾಡನ್ನೇ ಅದರ ನೆರಳಿಗೆ ಕರೆತಂದರು.

ನಮಗೆ ಇದು ಸುಲಭ ಅನಿಸಿತ್ತು. ಸದ್ದು ಕಡಿಮೆ ಮಾಡಿದರೆ ಆಯ್ತು, ಅಲ್ವಾ? ಮೂರು ಬುಧವಾರ ಬರೀ ಸಪ್ಪೆ ಬಂತು.

ಮೊದಲ ತಪ್ಪು ನನ್ನ ಕಡೆಯದು. ನಾನು ಪವರ್ ಕಾರ್ಡ್‌ಗಳನ್ನೇ ಮೆತ್ತಗೆ ಹಿಡಿಯುತ್ತಿದ್ದೆ. ಪವರ್ ಕಾರ್ಡ್ ಅಂದರೆ ನಮ್ಮ ಲೆಕ್ಕದಲ್ಲಿ ಸ ಮತ್ತು ಪ ಒಟ್ಟಿಗೆ, ಅಷ್ಟೇ. ಜೋರಾಗಿ ನುಡಿಸಿದರೆ ಅದಕ್ಕೆ ಬಲ ಇದೆ, ಮೆತ್ತಗೆ ನುಡಿಸಿದರೆ ಖಾಲಿ. ಅದಕ್ಕೆ ಗಾಂಧಾರ, ನಿಷಾದ ಸೇರಿಸಿದೆ. ಮೇಜರ್ ಸೆವೆಂತ್, ಮೈನರ್ ಸೆವೆಂತ್ ಕಾರ್ಡ್‌ಗಳಾದವು. ಪಿಕ್ ಬಿಟ್ಟು ಹೆಬ್ಬೆರಳಿನ ಮಾಂಸದಿಂದ ತಂತಿ ಸವರಿದೆ. ತಂತಿಯ ಸದ್ದು ಹಿಡಿಯುವ ಪಿಕಪ್‌ಗಳಲ್ಲಿ ನೆಕ್ ಕಡೆಯದನ್ನು ಹಾಕಿ, ಟೋನ್ ಅರ್ಧಕ್ಕೆ ಇಳಿಸಿದೆ. ಕೋಣೆಯ ಬಣ್ಣವೇ ಬದಲಾದ ಹಾಗಾಯ್ತು.

ಆಮೇಲೆ ಡ್ರಮ್ಸ್. ನಮ್ಮ ಗೆಳೆಯ ಎಷ್ಟು ಹಗುರವಾಗಿ ಬಡಿದರೂ ಸ್ನೇರ್ ಡ್ರಮ್ಮಿನ ಸದ್ದು ಹಾಡುವವಳ ದನಿಯನ್ನು ಮುಚ್ಚುತ್ತಿತ್ತು. ಚಿಕ್ಕಂದಿನಲ್ಲಿ ಶಿವಮೊಗ್ಗದಲ್ಲಿ ಭಾವಗೀತೆ ಕಾರ್ಯಕ್ರಮಗಳಿಗೆ ನಾನು ತಬಲ ನುಡಿಸುತ್ತಿದ್ದೆ. ನಮ್ಮ ಮೇಷ್ಟ್ರು ಪಕ್ಕದಲ್ಲಿ ಕೂತು, "ಪದ ಕೇಳಿಸ್ತಿಲ್ಲ ಕಣೋ, ಕೈ ಇಳಿಸು" ಅನ್ನೋರು. ಅದನ್ನೇ ಅವನಿಗೆ ನನ್ನ ಹರಕು ಸ್ವೀಡಿಷ್‌ನಲ್ಲಿ ಹೇಳಿದೆ. ಅವನು ಅಡುಗೆಮನೆಗೆ ಹೋಗಿ, ಪಾತ್ರೆ ಒರೆಸುವ ಬಟ್ಟೆ ತಂದ. ನಾಲ್ಕು ಮಡಿಕೆ ಮಾಡಿ ಸ್ನೇರ್ ಮೇಲೆ ಹಾಕಿದ. ಟಣ್ ಹೋಗಿ ದಪ್ ಅಂತ ಬಂತು. ಒಂದು ಮಡಿಕೆ ಬಿಚ್ಚಿದ, ಸ್ವಲ್ಪ ಉಸಿರು ಬಂತು. ಅಲ್ಲಿಗೆ ನಿಲ್ಲಿಸಿದೆವು.

ಒಂದು ವಿಷಯ ಕಲಿತೆ. ಸದ್ದು ಇಳಿಸಿದಾಗ ವೇಗವೂ ತಾನಾಗೇ ಇಳಿಯುತ್ತದೆ. ಸಪ್ಪೆ ಆಗಿದ್ದಕ್ಕೆ ಇದೂ ಕಾರಣ. ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಹಾಕಿಕೊಂಡು ಎರಡು ವಾರ ಸುಮ್ನೆ ಲಯವನ್ನಷ್ಟೇ ಹಿಡಿದೆವು, ಹಾಡು ಬಿಟ್ಟು. ಬೇಸರದ ಕೆಲಸ, ಆದರೆ ಬೇರೆ ದಾರಿ ಇರಲಿಲ್ಲ.

ಕೊನೆಗೆ ಶ್ರುತಿ. ಕಾರ್ಡಿಗನ್ಸ್‌ನ ಗಾಯಕಿ ನೀನಾ ಪರ್ಸನ್ ಹಾಡಿದ್ದು ಕೇಳಿದರೆ ಎಲ್ಲೂ ಗಂಟಲು ಒತ್ತಿದ ಹಾಗೆ ಇಲ್ಲ. ನಮ್ಮಲ್ಲಿ ಹಾಡುವ ಹುಡುಗಿ ಮೇಲಿನ ಸ್ವರಗಳಲ್ಲಿ ಒತ್ತುತ್ತಿದ್ದಳು. ಶ್ರುತಿ ಇಳಿಸಿದೆವು. ನಾನು ಕಾರ್ಡ್‌ಗಳನ್ನೆಲ್ಲ ಮತ್ತೆ ಹುಡುಕಬೇಕಾಯ್ತು. ಪರವಾಗಿಲ್ಲ, ಅವಳಿಗೆ ಆರಾಮ ಆಯ್ತು.

ಕಳೆದ ವಾರ ಫೋನ್ ಕುರ್ಚಿಯ ಮೇಲಿಟ್ಟು ರೆಕಾರ್ಡ್ ಮಾಡಿದೆವು. ಕೇಳುವಾಗ ಎರಡು ಸಾಲುಗಳ ನಡುವೆ ಅವಳು ಉಸಿರೆಳೆದದ್ದು ಸ್ಪಷ್ಟವಾಗಿ ಕೇಳಿಸಿತು. ಡ್ರಮ್ಸ್ ಗೆಳೆಯ ಅದನ್ನೇ ಮೂರು ಸಲ ಹಿಂದೆ ಹಾಕಿ ಕೇಳಿದ.

ಮುಂದಿನದು ಆಲ್ಬಂನ ಮೊದಲ ಹಾಡು, 'ಸಿಕ್ ಅಂಡ್ ಟಯರ್ಡ್'. ಅದಕ್ಕೆ ಕೊಳಲು ಬೇಕು. ಮಾಲ್ಮೊ ಸುತ್ತಮುತ್ತ ಕೊಳಲು ನುಡಿಸುವ ಕನ್ನಡದವರು ಯಾರಾದರೂ ಇದ್ದರೆ ಬನ್ನಿ, ಬುಧವಾರ ಸಂಜೆ ಆರಕ್ಕೆ ಶುರು ಮಾಡುತ್ತೇವೆ.