ಮಳೆ ಸೀಮೆಯ ಕೋಳಿಗೂಡಿಗೆ ಅಡಿಕೆ ದಬ್ಬೆಯ ನೆಲ

ನಮ್ಮದು ಆಗುಂಬೆ ಕಡೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಸೀಮೆ. ಜೂನ್‌ನಲ್ಲಿ ಒದ್ದೆಯಾದ ಅಂಗಳ ಸೆಪ್ಟೆಂಬರ್‌ವರೆಗೂ ಒಣಗುವುದಿಲ್ಲ. ಹಾಗಾಗಿ ಹಿತ್ತಲಲ್ಲಿ ನಾಟಿ ಕೋಳಿಗೆ ಗೂಡು ಕಟ್ಟುವಾಗ ಸೂರಿಗಿಂತ ಮೊದಲು ನೆಲದ ಲೆಕ್ಕ ಹಾಕಿದೆ.

ಮಣ್ಣಿನ ನೆಲ ಬೇಡವೆಂದು ತಕ್ಷಣ ತೀರ್ಮಾನಿಸಿದೆ. ಹೆಗ್ಗಣ ಬಿಲ ತೋಡುತ್ತದೆ, ಅದರ ಹಿಂದೆಯೇ ಹಾವು ಬರುತ್ತದೆ. ಅದಕ್ಕಿಂತ ದೊಡ್ಡ ಭಯ ರಕ್ತಭೇದಿಯದು. ಅದನ್ನು ತರುವುದು ಹಿಕ್ಕೆಯಲ್ಲಿ ಬರುವ ಕಾಕ್ಸಿಡಿಯಾ ಎಂಬ ಕಣ್ಣಿಗೆ ಕಾಣದ ಪರೋಪಜೀವಿ. ಅದು ಬೆಚ್ಚಗೆ, ಒದ್ದೆಯಾಗಿರುವ ಜಾಗದಲ್ಲಿ ಒಂದೆರಡು ದಿನಕ್ಕೇ ರೋಗ ಹರಡುವ ಹದಕ್ಕೆ ಬರುತ್ತದೆ. ಮರಿಗಳು ಅಲ್ಲೇ ಕೆದಕಿ ತಿನ್ನುತ್ತವೆ ಅಲ್ವಾ?

ಸಿಮೆಂಟ್ ನೆಲಕ್ಕೆ ಮೂರು ನಾಲ್ಕು ಇಂಚು ಭತ್ತದ ಹೊಟ್ಟು ಹಾಸುವ ಪದ್ಧತಿ ಒಳ್ಳೆಯದೇ. ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಕಟ್ಟದೆ ಉದುರಿದರೆ ಸರಿಯಾಗಿದೆ ಎಂದರ್ಥ. ನಮ್ಮಲ್ಲಿ ಆಷಾಢದಲ್ಲಿ ಗಾಳಿಯ ತೇವಕ್ಕೇ ಅದು ಉಂಡೆ ಕಟ್ಟುತ್ತದೆ. ಆಮೇಲೆ ಅಮೋನಿಯಾ ವಾಸನೆ, ಕೋಳಿಗಳಿಗೆ ಕಣ್ಣುರಿ. ಬದಲಿಸೋಣವೆಂದರೆ ಮಳೆಗಾಲದಲ್ಲಿ ಒಣ ಹೊಟ್ಟು ಎಲ್ಲಿಂದ ತರುವುದು? ಚಳ್ಳಕೆರೆ ಕಡೆ ಮನೆ ಇದ್ದಿದ್ದರೆ ಸುಮ್ನೆ ಹೊಟ್ಟನ್ನೇ ಹಾಸುತ್ತಿದ್ದೆ.

ಕೊನೆಗೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ ಹಾಕಿದೆ. ಬಲಿತ ಮರ ಸೀಳಿ, ಒಳಗಿನ ಮೆತ್ತನೆ ತಿರುಳನ್ನು ಕತ್ತಿಯಲ್ಲಿ ಪೂರ್ತಿ ಹೆರೆದು ತೆಗೆಯಬೇಕು. ತಿರುಳು ಉಳಿದರೆ ನೀರು ಹೀರಿ ಬೇಗ ಕೊಳೆಯುತ್ತದೆ. ಗಟ್ಟಿಯಾದ ಹೊರಮೈ ಮೇಲಕ್ಕೆ ಬರಬೇಕು. ಹಿಕ್ಕೆ ಅದಕ್ಕೆ ಜಾಸ್ತಿ ಅಂಟುವುದಿಲ್ಲ, ಸೀಳಿದ ಅಂಚನ್ನು ಉಜ್ಜಿ ನಯ ಮಾಡಿದರೆ ಕಾಲಿಗೂ ಚುಚ್ಚುವುದಿಲ್ಲ. ದಬ್ಬೆಗಳ ನಡುವೆ ಅರ್ಧದಿಂದ ಮುಕ್ಕಾಲು ಇಂಚು ಸಂದು ಬಿಟ್ಟಿದ್ದೇನೆ. ಕಡಿಮೆಯಾದರೆ ಹಿಕ್ಕೆ ಕಟ್ಟಿಕೊಳ್ಳುತ್ತದೆ, ಜಾಸ್ತಿಯಾದರೆ ಕಾಲು ಸಿಕ್ಕಿಬೀಳುತ್ತದೆ. ಮೊಳೆ ಹೊಡೆಯದೆ ತಂತಿಯಲ್ಲಿ ಬಿಗಿದಿದ್ದೇನೆ. ಹಾಳಾದ ಒಂದನ್ನು ಮಾತ್ರ ಬಿಚ್ಚಿ ಬದಲಿಸಬಹುದು.

ಗೂಡು ನಿಂತಿರುವುದು ಮೂರಡಿ ಎತ್ತರದ ಕಲ್ಲುಕಂಬಗಳ ಮೇಲೆ. ಅಡಿಯಲ್ಲಿ ಗುದ್ದಲಿ ಸಲೀಸಾಗಿ ಆಡಬೇಕು, ಅದಕ್ಕೇ ಅಷ್ಟು ಎತ್ತರ. ಸುತ್ತ ಕೆಳಗಿನವರೆಗೂ ಅರ್ಧ ಇಂಚಿನ ವೆಲ್ಡ್ ಮೆಶ್ ಕಟ್ಟಿದ್ದೇನೆ. ಮುಂಗುಸಿ, ಕಾಡುಬೆಕ್ಕು ಅಡಿಗೆ ನುಗ್ಗಿ ಸಂದಿನಿಂದ ಕಾಲಿಗೆ ಬಾಯಿ ಹಾಕಬಾರದಲ್ಲ. ತೆಳ್ಳನೆ ಕೋಳಿ ಜಾಲರಿಯನ್ನು ಈ ಕೆಲಸಕ್ಕೆ ನಂಬಬೇಡಿ.

ದಬ್ಬೆ ನೆಲಕ್ಕೂ ತೊಂದರೆ ಇದೆ. ಕೆಂಪು ಉಣ್ಣೆ ಎಂಬ ಸಣ್ಣ ಹುಳು ಹಗಲು ತಂತಿ ಬಿಗಿದ ಸಂದಿಯಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ. ಮಳೆಗಾಲಕ್ಕೆ ಮೊದಲು ಬಿಸಿಲಿನಲ್ಲಿ ಸಂದಿಗಳನ್ನು ಉಜ್ಜಿ ಸುಣ್ಣ ಬಳಿಯುತ್ತೇನೆ. ಕೋಳಿಗಳನ್ನು ಅದು ಪೂರ್ತಿ ಒಣಗಿದ ಮೇಲೆಯೇ ಒಳಗೆ ಬಿಡುವುದು. ಮರಿ ಮಾಡಿದ ಹೇಂಟೆಗೆ ಈ ನೆಲ ಆಗುವುದಿಲ್ಲ, ಅದಕ್ಕೆ ಬೇರೆ ಮೂಲೆಯಲ್ಲಿ ಹೊಟ್ಟಿನ ಹಾಸು. ಮೊಟ್ಟೆಗೆ ಹುಲ್ಲು ಹಾಕಿದ ಬುಟ್ಟಿ ಇಡಲೇಬೇಕು. ಗಿರಿರಾಜದಂಥ ಭಾರದ ಕೋಳಿ ಸಾಕುವವರು ದಬ್ಬೆಯನ್ನು ಇನ್ನಷ್ಟು ಅಗಲಕ್ಕೆ ಸೀಳಿ, ಅಂಗಾಲನ್ನು ಆಗಾಗ ಎತ್ತಿ ನೋಡುತ್ತಿರಿ.

ಅಡಿಯಲ್ಲಿ ಬಿದ್ದ ಹಿಕ್ಕೆಯ ಮೇಲೆ ತರಗೆಲೆ ಹರಡಿ, ಕೆಲವು ತಿಂಗಳು ಗುಂಡಿಯಲ್ಲಿ ಕೊಳೆಸಿ ತೋಟಕ್ಕೆ ಹಾಕುತ್ತೇನೆ. ಹಸಿಯಾಗಿ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ.